ಪೀಕಿಂಗೀಸ್ ನಾಯಿಗೆ ಮಡಿ ಕಲಿಸಿದ್ದು

ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಅವಳ ಜೊತೆಯಲ್ಲಿ ಬಂದದ್ದು ಒಂದು ಟ್ರಂಕು, ಒಂದು ಹೊಲಿಗೆ ಮಷೀನು ಮತ್ತು ಒಂದು ನಾಯಿ. ಟ್ರಂಕನ್ನು ಮಂಚದ ಕೆಳಗೆ ತಳ್ಳಿದರು. ಮಷೀನಿಗೆ ನಡುಮನೆಯ ಕಿಟಕಿಯ ಹತ್ತಿರ ಜಾಗವಾಯಿತು. ನಾಯಿಯನ್ನು ಎಲ್ಲಿಡುವುದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅದು ಯಾರ ಅಪ್ಪಣೆಗೂ ಕಾಯದೆ ನಡುಮನೆಯ ಚಾಪೆಯ ಮೇಲೆ ಹೋಗಿ ಮಲಗಿತು.

ಐವತ್ತರ ದಶಕದ ಕೊನೆಯ ಮಾತು ಇದು. ನನಗೆ ಹನ್ನೆರಡು ವರ್ಷ. ಜಯನಗರ ಆಗಿನ್ನೂ ಹೊಸ ಬಡಾವಣೆ. ನಮ್ಮ ಬೀದಿಯಲ್ಲಿ ಎಂಟೋ ಒಂಬತ್ತೋ ಮನೆ, ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟುಗಳು. ಹಿತ್ತಲಿನ ಕತ್ತಾಳೆ ಬೇಲಿ ದಾಟಿದರೆ ಯಡಿಯೂರು ಕೆರೆಯವರೆಗೂ ರಾಗಿ ಹೊಲ. ಅಪ್ಪ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬರುತ್ತಿದ್ದರು, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ಮನೆಯಲ್ಲಿ ನಡೆಯುತ್ತಿದ್ದದ್ದು ಅಪ್ಪನ ತಾಯಿಯ ಮಾತು, ಅಂದರೆ ನಮ್ಮಜ್ಜಿಯದು. ತಲೆ ಬೋಳಿಸಿ, ಕೆಂಪು ಸೀರೆಯ ಸೆರಗು ಹೊದ್ದ ಆ ಕಾಲದ ಮಡಿ ಹೆಂಗಸು. ತೊಳೆದು ಒಣಗಿಸಿದ ಸೀರೆಯನ್ನು ನಾವು ಮುಟ್ಟಿದರೆ ಮತ್ತೆ ಒಗೆಯುತ್ತಿದ್ದರು. ಶಾಲೆಯಿಂದ ಬಂದ ಬಟ್ಟೆಯಲ್ಲಿ ನಾನು ಅಡುಗೆಮನೆಯ ಹೊಸಿಲು ತುಳಿದರೆ ಒಲೆಯ ಮುಂದಿನಿಂದ ಎದ್ದು ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಅಂಥವರ ಮನೆಗೆ ನಾಯಿ ಬಂತು.

ಅದೂ ಎಂಥ ನಾಯಿ. ಭಾವ ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ಒಂದು ಇಂಗ್ಲಿಷರ ಕಂಪನಿಯಲ್ಲಿ ಕೆಲಸಕ್ಕಿದ್ದರು. ದೊರೆ ಊರಿಗೆ ಹೊರಟಾಗ ಇವರಿಗೆ ಕೊಟ್ಟುಹೋದ ಪೀಕಿಂಗೀಸ್ ಅದು. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಮೈತುಂಬ ಕಂದು ಕೂದಲು, ಬಾಗಿಲಿಗೆ ಡಿಕ್ಕಿ ಹೊಡೆದುಕೊಂಡಂಥ ಚಪ್ಪಟೆ ಮುಖ. ಎಚ್ಚರವಿದ್ದಾಗಲೂ ಗೊರಕೆ. ಅಕ್ಕನೂ ಭಾವನೂ ಮೂರು ವರ್ಷ ಒಂದು ಕೋಣೆಯ ಮನೆಯಲ್ಲಿ ಅದನ್ನು ಮಗುವಿನ ಹಾಗೆ ಸಾಕಿದ್ದರು. ಭಾವ ಹನ್ನೊಂದು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅವರ ಅಣ್ಣಂದಿರು ಬಂದು ಗಡಿಯಾರ, ಸೈಕಲ್ಲು, ರೇಡಿಯೋ ತೆಗೆದುಕೊಂಡು ಹೋದರು. ನಾಯಿಯನ್ನು ಯಾರೂ ಕೇಳಲಿಲ್ಲ. ಮದುವೆಯಾಗಿದ್ದೆ ಅನ್ನುವುದಕ್ಕೆ ಅಕ್ಕನಿಗೆ ಉಳಿದ ಜೀವ ಅದೊಂದೇ.

ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಕರೆದರೆ ಬರುತ್ತಿರಲಿಲ್ಲವಾದ್ದರಿಂದ ಆ ಹೆಸರು ಹೇಳಿ ಪ್ರಯೋಜನವಿಲ್ಲ.

ಮೊದಲ ವಾರದಲ್ಲೇ ಅದು ನಾಲ್ಕು ಸಲ ಅಡುಗೆಮನೆಗೆ ನುಗ್ಗಿತು. ಅಜ್ಜಿ ನಾಲ್ಕು ಸಲ ಸ್ನಾನ ಮಾಡಿದರು. ಐದನೆಯ ಸಲ ಒದ್ದೆ ಸೀರೆಯಲ್ಲೇ ನಡುಮನೆಯಲ್ಲಿ ನಿಂತು ಅಪ್ಪನನ್ನು ಕರೆದರು.

"ನೋಡು, ಅವಳ ಮುಖ ನೋಡಿ ನಾನು ಇಷ್ಟು ದಿನ ಸುಮ್ನಿದ್ದೆ. ನಾಯಿ ಈ ಹೊಸಿಲು ದಾಟಬಾರ್ದು. ನಿಮ್ಮ ತಂದೆ ತಿಥಿ ಹೊತ್ತಿಗೆ ಅದಕ್ಕೆ ಬುದ್ಧಿ ಕಲ್ಸಿದ್ರೆ ಇರ್ಲಿ. ಇಲ್ದಿದ್ರೆ ಯಾರಿಗಾದ್ರೂ ಕೊಟ್ಬಿಡಿ."

ತಾತನ ತಿಥಿ ಬರುವುದು ದೀಪಾವಳಿ ಕಳೆದ ಮೇಲೆ. ಅಜ್ಜಿಗೆ ವರ್ಷವೆಲ್ಲ ಹಬ್ಬವೆಂದರೆ ಅದೊಂದೇ. ತಾತ ಹೋದಾಗ ಅಜ್ಜಿಗೆ ಇಪ್ಪತ್ತಾರು ವರ್ಷ, ಅಪ್ಪ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಅಂದಿನಿಂದ ಪ್ರತಿ ವರ್ಷ ಆ ದಿನ ತಾವೇ ಒಲೆಯ ಮುಂದೆ ಕೂತು ತಾತನಿಗೆ ಇಷ್ಟವಾದದ್ದೆಲ್ಲ ಬೇಯಿಸುತ್ತಿದ್ದರು. ನಾಯಿ ಮನೆಗೆ ಬಂದದ್ದು ಶ್ರಾವಣದಲ್ಲಿ. ಹಾಗಾಗಿ ನಮಗೆ ಸಿಕ್ಕಿದ್ದು ಮೂರು ತಿಂಗಳು.

ಕಲಿಸುವ ಕೆಲಸ ಅಕ್ಕನದು, ಕೈಯಾಳಿನ ಕೆಲಸ ನನ್ನದು. ಅಪ್ಪ ಲೈಬ್ರರಿಯಿಂದ ನಾಯಿ ಸಾಕುವ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ತಂದು, ರಾತ್ರಿ ಊಟವಾದ ಮೇಲೆ ನಮಗೆ ಓದಿ ಹೇಳುತ್ತಿದ್ದರು. ನಾಯಿಯ ಹತ್ತಿರ ಬಿಗಿಯಾಗಿರಬೇಕು ಎಂದು ಅದರಲ್ಲಿ ಪುಟಪುಟಕ್ಕೂ ಬರೆದಿತ್ತು. ಅಪ್ಪ ಬಿಗಿಯಾಗಲು ನೋಡಿದರು. ಬೆರಳು ಎತ್ತಿ "ಕೂತ್ಕೋ" ಅಂದರು. ಅದು ಅವರ ಮುಖವನ್ನು ಒಂದು ಸಲ ನೋಡಿ, ತಿರುಗಿ, ಬಾಲದ ಕಡೆಯನ್ನು ಅವರಿಗೆ ತೋರಿಸಿ ಮಲಗಿತು. ಮಾರನೆಯ ದಿನ ಅಪ್ಪ ಪುಸ್ತಕ ವಾಪಸು ಕೊಟ್ಟರು.

ಬೀದಿನಾಯಿಗಾದರೆ ಕಲ್ಲೆತ್ತಿದರೆ ಸಾಕು, ಅರ್ಥವಾಗುತ್ತದೆ. ಇದಕ್ಕೆ ಬೈದರೆ ಬೈಗುಳ ತಟ್ಟುತ್ತಿರಲಿಲ್ಲ, ಮುದ್ದು ಮಾಡಿದರೆ ಮುದ್ದು ತನ್ನ ಹಕ್ಕು ಎನ್ನುವ ಹಾಗೆ ಮಾಡಿಸಿಕೊಳ್ಳುತ್ತಿತ್ತು. ಕೊಬ್ಬರಿ ಚೂರು ತೋರಿಸಿದರೆ ಬಂದು ತಿಂದು, ಇನ್ನು ನಿಮ್ಮ ಹತ್ತಿರ ಕೆಲಸವಿಲ್ಲ ಅಂತ ಹೋಗುತ್ತಿತ್ತು. ಸುತ್ತಿದ ಪೇಪರಿನಿಂದ ನೆಲಕ್ಕೆ ಬಡಿದು ಹೆದರಿಸಲು ನೋಡಿದೆವು, ಅದು ಪೇಪರನ್ನೇ ಕಿತ್ತುಕೊಂಡು ಹರಿದುಹಾಕಿತು. ಕತ್ತಿಗೆ ಹಗ್ಗ ಹಾಕಿ ಎಳೆದರೆ ನಾಲ್ಕೂ ಕಾಲು ಮಡಿಸಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಒಂದು ಹಲಗೆ ಇಟ್ಟೆವು. ನಾಯಿ ನಿಂತಿತು ನಿಜ, ಆದರೆ ಅಜ್ಜಿ ಎಡವಿ ಬಿದ್ದು ಮೊಣಕಾಲು ಊದಿಸಿಕೊಂಡರು. ಹಲಗೆ ಹಿತ್ತಲಿಗೆ ಹೋಯಿತು.

ಭಾದ್ರಪದ ಬಂತು. ಅಜ್ಜಿ ದಿನಕ್ಕೆ ಎರಡೆರಡು ಸಲ ತಣ್ಣೀರು ಸುರಿದುಕೊಂಡು ಕೆಮ್ಮತೊಡಗಿದರು. ಭಾವನ ಜೊತೆ ಕೆಲಸ ಮಾಡಿದ ಕ್ರಿಶ್ಚಿಯನ್ನರೊಬ್ಬರು ವಿಲ್ಸನ್ ಗಾರ್ಡನ್ನಿನಲ್ಲಿದ್ದರು. ಅವರ ಹೆಂಡತಿಗೆ ಆ ನಾಯಿಯ ಮೇಲೆ ಮೊದಲಿನಿಂದ ಆಸೆ. ಬೇಡವಾದರೆ ನಮಗೆ ಕೊಡಿ ಎಂದು ಅವರು ಹೇಳಿಕಳಿಸಿದ್ದರು. ಅಮ್ಮ ಆ ವಿಷಯವನ್ನು ದಿನಕ್ಕೊಂದು ಸಲವಾದರೂ ಎತ್ತುತ್ತಿದ್ದಳು. ಅಕ್ಕ ಉತ್ತರ ಕೊಡುತ್ತಿರಲಿಲ್ಲ. ಅವಳು ಮನೆಗೆ ಬಂದ ಮೇಲೆ ಯಾವುದಕ್ಕೂ ಉತ್ತರ ಕೊಡುವುದನ್ನು ಬಿಟ್ಟಿದ್ದಳು. ಯಾರಾದರೂ ಶುಭಕಾರ್ಯಕ್ಕೆ ಹೊರಟರೆ ತಾನಾಗಿಯೇ ಹಿತ್ತಲಿಗೆ ಹೋಗುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೂವು ಕಟ್ಟಿಕೊಡುತ್ತಿದ್ದಳು, ಮುಡಿಯುತ್ತಿರಲಿಲ್ಲ. ಇದನ್ನೆಲ್ಲ ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದನ್ನು ನಾನು ನೋಡಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಒಂದು ಸೀನು. ಒಂದು ಬೆಳಿಗ್ಗೆ ನಾನು ಬೀದಿ ಬಾಗಿಲಲ್ಲಿ ರಂಗೋಲಿ ಇಡುತ್ತಿದ್ದೆ. ನಾಯಿ ಬಂದು ಡಬ್ಬಿಯೊಳಗೆ ಮುಖ ಹಾಕಿತು. ಮೊದಲೇ ಚಪ್ಪಟೆ ಮೂಗು, ಒಳಗೆಲ್ಲ ಕಲ್ಲಿನ ಪುಡಿ ತುಂಬಿಕೊಂಡು ಸೀನಿದ್ದೇ ಸೀನಿದ್ದು. ಸೀನುವ ರಭಸಕ್ಕೆ ಎರಡು ಸಲ ಪಲ್ಟಿ ಹೊಡೆಯಿತು. ನಾನು ನಗುತ್ತಾ ಕೂತೆ. ಅಕ್ಕ ಬಾಗಿಲ ಮರೆಯಿಂದ ನೋಡುತ್ತಿದ್ದವಳು ನಗಲಿಲ್ಲ. ಮಾರನೆಯ ದಿನ ಅದು ರಂಗೋಲಿಯನ್ನು ಕಂಡು ದೂರದಿಂದಲೇ ಸುತ್ತಿಕೊಂಡು ಹೋದದ್ದನ್ನೂ ನೋಡಿದಳು.

"ಅಡುಗೆಮನೆ ಬಾಗ್ಲಿಗೆ ಒಂದು ಗೆರೆ ಎಳೀತೀಯಾ? ದಪ್ಪಗೆ. ಈ ಕಡೆಯಿಂದ ಆ ಕಡೆ ತನಕ," ಅಂದಳು.

ಗೆರೆ ನಾನೇ ಎಳೆಯಬೇಕಿತ್ತು. ಅವಳು ರಂಗೋಲಿ ಡಬ್ಬಿ ಮುಟ್ಟುವ ಹಾಗಿರಲಿಲ್ಲ.

ಅಂದಿನಿಂದ ದಿನವೂ ಸ್ನಾನ ಮಾಡಿ, ಹೊಸಿಲು ತೊಳೆದು, ಎರಡು ಬೆರಳಗಲ ಗೆರೆ ಎಳೆಯುತ್ತಿದ್ದೆ. ನಾಯಿ ಬರುತ್ತಿತ್ತು, ಗೆರೆಯ ಹತ್ತಿರ ಮೂಗು ತರುತ್ತಿತ್ತು, ಮುಖ ಕಿವುಚುತ್ತಿತ್ತು. ಅಕ್ಕ ಹಿಂದಿನಿಂದ ಮೆಲ್ಲಗೆ "ಅಲ್ಲೇ" ಅನ್ನುತ್ತಿದ್ದಳು. ನಿಂತರೆ ಕೊಬ್ಬರಿ ಚೂರು. ಮೊದಲ ವಾರ ಎರಡು ಸಲ ಹಾರಿತು. ಎರಡನೆಯ ವಾರ ಒಂದು ಸಲ. ನವರಾತ್ರಿಯ ಹೊತ್ತಿಗೆ ಗೆರೆಯ ಈಚೆ ಕೂತು ಒಲೆಯ ಮುಂದಿದ್ದ ಅಜ್ಜಿಯನ್ನು ನೋಡುತ್ತಿತ್ತು, ಒಂದು ಕಾಲೂ ಮುಂದಿಡುತ್ತಿರಲಿಲ್ಲ. ಅಜ್ಜಿ ಒಳಗಿನಿಂದ "ಏನು ನೋಡ್ತೀಯೋ ಗೂಬೆ ಮುಖದೋನೆ" ಎಂದು ಮಾತಾಡಿಸುವಷ್ಟಾಯಿತು. ದೀಪಾವಳಿಯ ದಿನ ಒಂದು ಕಜ್ಜಾಯವನ್ನು ಗೆರೆಯ ಮೇಲಿನಿಂದ ಎಸೆದರು. ಆ ಮನೆಗೆ ಬಂದ ಮೇಲೆ ಅಕ್ಕ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತು.

"ನನ್ ಮಾತು ಕೇಳ್ತು ಕಣೇ," ಅಂದಳು ನನಗೆ. "ನಿಮ್ಮ ಭಾವನ ಮಾತೂ ಕೇಳ್ತಿರ್ಲಿಲ್ಲ ಅದು."

ನನಗೆ ಹೆಮ್ಮೆ ತಲೆಗೇರಿತ್ತು. ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ. ಗೆರೆ ಎಳೆದವಳು ನಾನಲ್ಲವೇ.

ತಿಥಿಯ ದಿನ ಬೆಳಿಗ್ಗೆ ಮನೆಯನ್ನೆಲ್ಲ ತೊಳೆದೆವು. ಹಿಂದಿನ ದಿನದ ರಂಗೋಲಿ ನೀರಿನ ಜೊತೆ ಹೋಯಿತು. ಅಭ್ಯಾಸಬಲದಿಂದ ಡಬ್ಬಿ ತೆಗೆದುಕೊಂಡೆ. ಅಮ್ಮ ಅಡುಗೆಮನೆಯಿಂದಲೇ, "ಇವತ್ತು ರಂಗೋಲಿ ಇಲ್ಲ ಕಣೇ, ತಿಥಿ," ಅಂದಳು. ತಿಥಿಯ ದಿನ ಬ್ರಾಹ್ಮಣರ ಊಟ ಆಗುವವರೆಗೆ ಮನೆಯಲ್ಲಿ ಎಲ್ಲೂ ರಂಗೋಲಿ ಇಡುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಸಂಗತಿ. ಒಂದು ಕೆಲಸ ತಪ್ಪಿತು ಎಂದುಕೊಂಡು ಡಬ್ಬಿಯನ್ನು ಗೂಡಿನಲ್ಲಿ ಇಟ್ಟುಬಿಟ್ಟೆ. ಅಮ್ಮನಿಗೂ ಹೊಳೆಯಲಿಲ್ಲ, ಅಪ್ಪನಿಗೂ ಹೊಳೆಯಲಿಲ್ಲ, ಅಕ್ಕನಿಗೂ ಹೊಳೆಯಲಿಲ್ಲ.

ನಾಯಿಯನ್ನು ಅಕ್ಕ ಹಿತ್ತಲಿನ ಸೀಬೆ ಮರಕ್ಕೆ ಕಟ್ಟಿದ್ದಳು. ಮದುವೆಯಾಗಿ ಬೇರೆ ಮನೆ ಸೇರಿದವಳಾದ್ದರಿಂದ ತಿಥಿಯ ಅಡುಗೆಗೆ ಅವಳು ಕೈಹಾಕುವಂತಿರಲಿಲ್ಲ. ಎಲೆ ಸಾಲದು ಎಂದು ಎರಡು ಮನೆ ಆಚೆಯವರ ಹಿತ್ತಲಿಗೆ ಬಾಳೆಎಲೆ ಕುಯ್ದು ತರಲು ಹೋದಳು. ನಾಯಿಯನ್ನು ನೋಡಿಕೊಂಡಿರು ಎಂದು ನನಗೆ ಹೇಳಿಹೋದಳು.

ನಡುಮನೆಯಲ್ಲಿ ಮಂತ್ರ ಶುರುವಾಯಿತು. ಅದರ ಜೊತೆಗೆ ನಾಯಿಯೂ ಶುರು ಮಾಡಿತು. ಬೊಗಳುವುದಲ್ಲ, ಊಳಿಡುವುದು. ಪುರೋಹಿತರು ಒಂದು ಸಲ ನಿಲ್ಲಿಸಿ ಮತ್ತೆ ಹೇಳತೊಡಗಿದರು. ಎರಡನೆಯ ಸಲ ನಿಲ್ಲಿಸಿ, "ನಾಯಿ ಕೂಗು ಕಿವಿಗೆ ಬೀಳಬಾರ್ದು ಸ್ವಾಮಿ, ಸ್ವಲ್ಪ ನೋಡಿ," ಅಂದರು. ಅಪ್ಪ ದರ್ಭೆಯ ಬೆರಳಿನಲ್ಲೇ ನನಗೆ ಸನ್ನೆ ಮಾಡಿದರು. ನಾನು ಹೋಗಿ ಕೊಬ್ಬರಿ ಕೊಟ್ಟೆ. ತಿಂದು ಮತ್ತೆ ಊಳಿಟ್ಟಿತು. ಬಾಯಿ ಹಿಡಿದೆ, ಕೈ ಕೊಸರಿಕೊಂಡಿತು. ಹಗ್ಗ ಬಿಚ್ಚಿ ಹಿಂದಿನ ಜಗಲಿಗೆ ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡೆ. ತಟ್ಟನೆ ಸುಮ್ಮನಾಯಿತು. ಜಗಲಿಯಿಂದ ಅಡುಗೆಮನೆಯ ಬಾಗಿಲಿಗೆ ಆರು ಹೆಜ್ಜೆ. ಅಡುಗೆಮನೆಯಿಂದ ವಡೆ ಕರಿಯುವ ವಾಸನೆ ಬರುತ್ತಿತ್ತು. ಗೆರೆ ದಾಟುವುದಿಲ್ಲವಲ್ಲ ಎಂದುಕೊಂಡು ನಾನು ಹಗ್ಗದಿಂದ ಕೈ ತೆಗೆದೆ.

ಅದು ಎದ್ದು ಮೈ ಕೊಡವಿಕೊಂಡು ಬಾಗಿಲ ತನಕ ಹೋಯಿತು. ಹೊಸಿಲ ಮುಂದೆ ನಿಂತು ನೆಲ ಮೂಸಿತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಮೂಸಿತು. ಆಗ ನಾನೂ ನೋಡಿದೆ. ತೊಳೆದ ಕರಿಕಲ್ಲು ಬರಿದಾಗಿತ್ತು. ಏಳಬೇಕು ಎಂದು ಅಂದುಕೊಳ್ಳುವಷ್ಟರಲ್ಲಿ ಒಳಗೆ ಹೋಗಿಬಿಟ್ಟಿತು.

ಗಲಾಟೆಯೇನೂ ಆಗಲಿಲ್ಲ. ನಾನು ಬಾಗಿಲಿಗೆ ಓಡಿದಾಗ ಅದು ಅಜ್ಜಿಯ ತೊಡೆಯ ಮೇಲೆ ಎರಡು ಕಾಲಿಟ್ಟು ಬುಟ್ಟಿಯಿಂದ ಒಂದು ವಡೆ ಎತ್ತಿಕೊಂಡಿತ್ತು. ಅಜ್ಜಿ ಎರಡೂ ಕೈ ಮೇಲೆತ್ತಿ ಹಾಗೇ ಕೂತಿದ್ದರು. "ಮುಟ್ತು," ಎಂದರು, ಯಾರಿಗೋ ತಿಳಿಸುವ ಹಾಗೆ. ಅಮ್ಮ ಕೈಲಿದ್ದ ಸೌಟನ್ನು ಕೆಳಗೆ ಇಟ್ಟಳು.

ಪಾಯಸ, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಎಳ್ಳುಂಡೆ, ಅನ್ನ, ಎಲ್ಲವೂ ಹೋಯಿತು. ಮೊದಲಿಂದ ಬೇಯಿಸಲು ಹೊತ್ತು ಸಾಲದು, ಕಾಲ ಮೀರುತ್ತದೆ ಎಂದರು ಪುರೋಹಿತರು. ಅಕ್ಕಿ, ಬೇಳೆ, ಬಾಳೆಕಾಯಿಗಳನ್ನು ಹಸಿಯಾಗಿಯೇ ಬ್ರಾಹ್ಮಣರಿಗೆ ಕೊಟ್ಟು ಮುಗಿಸುವ ಒಂದು ಕ್ರಮವಿದೆಯಂತೆ, ಹಾಗೇ ಮುಗಿಸಿದರು. ಬ್ರಾಹ್ಮಣರು ಊಟವಿಲ್ಲದೆ ಮೊರ ತುಂಬ ಅಕ್ಕಿ ಹಿಡಿದುಕೊಂಡು ಹೋದರು. ಅಜ್ಜಿ ಬಾವಿಯ ಹತ್ತಿರ ಕೂತು ಕೊಡದ ಮೇಲೆ ಕೊಡ ಸುರಿದುಕೊಂಡರು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ವಾಸಿಯಾಗುತ್ತಿತ್ತು.

ಎಲೆ ಹಿಡಿದು ವಾಪಸು ಬಂದ ಅಕ್ಕನಿಗೆ ಅಮ್ಮ ವಿಷಯ ಹೇಳಿದಳು. ಅಕ್ಕ ಎಲೆಗಳನ್ನು ಜಗಲಿಯ ಮೇಲಿಟ್ಟು, "ನಾನು ಗಟ್ಟಿಯಾಗಿ ಕಟ್ಟಿರ್ಲಿಲ್ಲ ಅನ್ಸತ್ತೆ," ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಾಯಿಗೆ ಎಷ್ಟು ಕಲಿಸಿದರೂ ಅಷ್ಟೇ, ನಾಳೆ ವಿಲ್ಸನ್ ಗಾರ್ಡನ್ನಿಗೆ ಹೇಳಿಕಳಿಸುತ್ತೇನೆ ಎಂದರು ಅಪ್ಪ. ಅಕ್ಕ ಅದನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಎಂದಿನ ಹಾಗೆ ಅಡುಗೆಮನೆಯ ಬಾಗಿಲಿಗೆ ಗೆರೆ ಎಳೆದೆ. ಅಕ್ಕ ಕೋಣೆಯಿಂದ ಬಂದಳು, ಅವಳ ಹಿಂದೆ ನಾಯಿ. ಅದು ಗೆರೆಯ ಹತ್ತಿರ ಬಂದು, ಮುಖ ಕಿವುಚಿ, ಕೂತುಕೊಂಡಿತು. ಅಕ್ಕ ಅದನ್ನು ನೋಡಿದಳು. ಆಮೇಲೆ ನನ್ನ ಕೈಲಿದ್ದ ಡಬ್ಬಿಯನ್ನು ನೋಡಿದಳು.

"ನಿನ್ನೆ ಇದು ಇರ್ಲಿಲ್ಲ ಅಲ್ವಾ?"

"ತಿಥಿ ಅಲ್ವಾ ಅಕ್ಕ," ಅಂದೆ. "ಹಗ್ಗಾನೂ ನಾನೇ ಬಿಚ್ಚಿದ್ದು."

ಅವಳು ನೇರವಾಗಿ ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಅಜ್ಜಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕೆಮ್ಮುತ್ತಿದ್ದರು.

"ಅಜ್ಜಿ, ನಿನ್ನೆ ಗೆರೆ ಇರ್ಲಿಲ್ಲ. ಅದಕ್ಕೆ ಗೆರೆ ತಾನೇ ಕಲ್ಸಿದ್ದು ನಾವು. ಅದು ಮರೆತಿಲ್ಲ. ಈಗ್ಲೂ ಅಲ್ಲೇ ಕೂತಿದೆ, ಬಂದು ನೋಡಿ."

"ಗೊತ್ತು ಕಣೇ," ಅಂದರು ಅಜ್ಜಿ. "ನೆಲ ಮೂಸಿ ಬಂತು. ನಾನೂ ನೋಡ್ದೆ. ಮೂಕಪ್ರಾಣಿ, ಅದರದ್ದೇನು ತಪ್ಪು. ಇರ್ಲಿ ಬಿಡು, ಇಟ್ಕೋ. ನಿಮ್ಮಪ್ಪನಿಗೆ ನಾನು ಹೇಳ್ತೀನಿ."

ಅಕ್ಕ ಅಜ್ಜಿಯ ಎದುರು, ಮಡಿ ಸೀರೆ ತಗುಲದಷ್ಟು ದೂರದಲ್ಲಿ, ನೆಲದ ಮೇಲೆ ಕೂತಳು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಿಮ್ಮ ತಾತ ವರ್ಷಕ್ಕೊಂದ್ಸಲ ಬರೋರು," ಅಂದರು. "ಬರ್ತಾರೋ ಇಲ್ವೋ, ನಾನಂತೂ ಬರ್ತಾರೆ ಅಂತ ಒಲೆ ಮುಂದೆ ಕೂತ್ಕೊಳ್ಳೋಳು. ನಲವತ್ತು ವರ್ಷದ ಮೇಲಾಯ್ತು, ಒಂದ್ಸಲಾನೂ ತಪ್ಪಿರ್ಲಿಲ್ಲ. ನಿನ್ನೆ ಹಸ್ಕೊಂಡು ಹೋದ್ರು."

ಅಕ್ಕ ಎದ್ದು, ಆಫೀಸಿಗೆ ಹೊರಟಿದ್ದ ಅಪ್ಪನ ಹತ್ತಿರ ಹೋಗಿ, ವಿಲ್ಸನ್ ಗಾರ್ಡನ್ನಿನವರಿಗೆ ಇವತ್ತೇ ಹೇಳಿ ಎಂದಳು. ಅಜ್ಜಿ ಬೇಡವೆಂದರು. ಅಪ್ಪನೂ ಅಷ್ಟು ಅವಸರವೇನು ಎಂದರು. ಅವಳು ಕೇಳಲಿಲ್ಲ. ಸಂಜೆ ಆ ದಂಪತಿ ಟ್ಯಾಕ್ಸಿ ಮಾಡಿಕೊಂಡು ಬಂದರು. ಆ ಹೆಂಗಸು ನಾಯಿಯನ್ನು ಎದೆಗೆ ಅವಚಿಕೊಂಡಾಗ ಅದು ಗೊರಕೆ ಹೊಡೆಯುತ್ತಲೇ ಅವರ ಸೀರೆಯ ಪಿನ್ನನ್ನು ಕಚ್ಚಿ ನೋಡಿತು. ಟ್ಯಾಕ್ಸಿ ತಿರುಗುವಾಗ ನಾವೆಲ್ಲ ಬೀದಿ ಬಾಗಿಲಲ್ಲಿ ನಿಂತಿದ್ದೆವು. ಅಕ್ಕ ಬರಲಿಲ್ಲ. ಯಾರಾದರೂ ಹೊರಡುವಾಗ ಅವಳು ಎದುರಿಗೆ ಬರುತ್ತಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಅಜ್ಜಿಯೇ ಇಟ್ಟುಕೋ ಎಂದ ಮೇಲೂ ಕೊಟ್ಟುಬಿಟ್ಟಳಲ್ಲ ಎಂದು. ಕೋಣೆಗೆ ಹೋದಾಗ ಅವಳು ಚಾಪೆಯ ಮೇಲೆ ಬಿದ್ದಿದ್ದ ಕಂದು ಕೂದಲನ್ನು ಒಂದೊಂದಾಗಿ ಆರಿಸುತ್ತಿದ್ದಳು.

"ಯಾಕೆ ಕೊಟ್ಟೆ? ಅದು ಕಲ್ತಿತ್ತು ಅಲ್ವಾ?" ಅಂದೆ.

"ಕಲ್ತಿತ್ತು," ಅಂದಳು. "ಈ ಮನೇಲಿ ಎಷ್ಟು ಕಲ್ತರೂ ಸಾಲಲ್ಲ ಕಣೇ. ಒಂದಿನ ಗೆರೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ನಂಗೆ ಹೋಗೋಕೆ ಬೇರೆ ಜಾಗ ಇಲ್ಲ. ಅದಕ್ಕಿತ್ತು."

ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಆಮೇಲೆ ಐವತ್ತೊಂದು ವರ್ಷ ಆ ಮನೆಯಲ್ಲೇ ಇದ್ದಳು.